ಕರು ಕಟ್ಟಿದ್ದ ಆ್ಯಕ್ಸಲ್

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಇದು ಗೆದ್ದವರ ಕಥೆ ಅಲ್ಲ. ಕಪ್ ಗೆದ್ದವರ ಫೋಟೋ ಡಿಪಾರ್ಟ್‌ಮೆಂಟ್ ಬೋರ್ಡಿನ ಮೇಲಿದೆ, ಅದರಲ್ಲಿ ನಾವಿಲ್ಲ. ನಾವು ಐದು ಜನ ಮೆಕ್ಯಾನಿಕಲ್ ಹುಡುಗರು, ಗುಜರಿಗೆ ಬಂದಿದ್ದ ಒಂದು ಮಾರುತಿ ಓಮ್ನಿಯಿಂದ ಡ್ರ್ಯಾಗ್ ಕಾರು ಮಾಡೋಕೆ ಹೊರಟು, ನಾವೇ ಬಿಚ್ಚಿ ಬಿಸಾಕಿದ್ದ ಭಾಗವನ್ನ ನಾವೇ ಹೊತ್ತು ವಾಪಸ್ ತಂದ ಕಥೆ ಇದು. ಕನ್ನಡ ಸಂಘದವರು "ಪ್ರಾಜೆಕ್ಟ್ ಬಗ್ಗೆ ಏನಾದ್ರೂ ಬರೀರಿ" ಅಂದಾಗ ನಮಗೆ ರಿಪೋರ್ಟಿನಲ್ಲಿ ಬರೆಯಲಾಗದ ಈ ಭಾಗವೇ ನೆನಪಾಯ್ತು.

ನಮ್ಮ ವರ್ಕ್‌ಶಾಪ್ ಕಾಲೇಜಿನಲ್ಲಿ ಇರಲಿಲ್ಲ. ನಮ್ಮಲ್ಲೊಬ್ಬನ ಮನೆ ಜಿನನಾಥಪುರದಲ್ಲಿ. ಶ್ರವಣಬೆಳಗೊಳಕ್ಕೆ ಬಂದವರೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನ ನೋಡ್ತಾರೆ, ಕೆಲವರು ಚಿಕ್ಕಬೆಟ್ಟವನ್ನೂ ಹತ್ತುತ್ತಾರೆ. ಚಿಕ್ಕಬೆಟ್ಟದ ಆಚೆ ಬದಿಗೆ, ಉತ್ತರಕ್ಕೆ ಇಳಿದರೆ ಜಿನನಾಥಪುರ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ ಊರು. 1200ರ ಸುಮಾರಿಗೆ ರೇಚಿಮಯ್ಯ ಅನ್ನೋ ದಂಡನಾಯಕ ಕಟ್ಟಿಸಿದ ಶಾಂತಿನಾಥ ಬಸದಿ ಇಲ್ಲೇ ಇದೆ. ಹೊರಗೋಡೆ ತುಂಬ ಶಿಲ್ಪ. ನಮ್ಮೊಳಗೆ ಜಗಳ ಆದಾಗಲೆಲ್ಲ ಒಬ್ಬೊಬ್ಬರೇ ಎದ್ದು ಹೋಗಿ ಕೂರ್ತಿದ್ದ ಜಾಗ ಅದು. ಗೆಳೆಯನ ಮನೆ ಹಿಂದೆ ದನದ ಕೊಟ್ಟಿಗೆಗೆ ಅಂಟಿಕೊಂಡ ಒಂದು ಶೀಟಿನ ಶೆಡ್ಡು, ಬಾಡಿಗೆಗೆ ತಂದ ವೆಲ್ಡಿಂಗ್ ಮೆಷಿನ್, ಒಂದು ಗ್ರೈಂಡರ್, ಆಗಾಗ ಹೋಗೋ ಕರೆಂಟು. ಇಷ್ಟೇ ನಮ್ಮ ಆಸ್ತಿ.

ಡ್ರ್ಯಾಗ್ ರೇಸ್ ಅಂದ್ರೆ ತಿರುವಿಲ್ಲದ ಓಟ. ನಿಂತಲ್ಲಿಂದ ಹೊರಟು ನೇರ ಹೋಗಬೇಕು, ಅಷ್ಟೇ. ಅಮೆರಿಕದಲ್ಲಿ ಇದಕ್ಕೆ ಕಾಲು ಮೈಲಿ, ಅಂದ್ರೆ 402 ಮೀಟರ್ ಅಳತೆ. ನಾವು ಹೆಸರು ಕೊಟ್ಟಿದ್ದು ಇನ್ನೊಂದು ಕಾಲೇಜಿನ ಫೆಸ್ಟಿಗೆ, ಅಲ್ಲಿ 200 ಮೀಟರ್. ಓಮ್ನಿ ಯಾಕೆ ತಗೊಂಡ್ವಿ ಅಂದ್ರೆ, ಅದು ಹಿಂಚಕ್ರ ಎಳೆಯೋ ಗಾಡಿ. ಹೊರಡುವಾಗ ಭಾರ ಹಿಂದಕ್ಕೆ ವಾಲುತ್ತೆ, ಹಿಂದಿನ ಟೈರಿಗೆ ಹಿಡಿತ ಸಿಗುತ್ತೆ. 796 ಸಿಸಿ ಎಂಜಿನ್, ಉದ್ದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆ್ಯಕ್ಸಲ್, ಲೀಫ್ ಸ್ಪ್ರಿಂಗ್. ಬಾಡಿ ಕಳಚಿ, ಪೈಪಿನ ಚಾಸಿ ಕಟ್ಟಿ, ಎಂಜಿನ್ ಗೇರ್‌ಬಾಕ್ಸ್ ಕೂರಿಸಿದ್ವಿ.

ಆ ಆ್ಯಕ್ಸಲ್ ನೋಡಿ ನಮಗೆ ನಗು ಬಂತು. ಎತ್ತಿನ ಗಾಡಿ ಅಚ್ಚಿನ ಹಾಗೆ ಉದ್ದಕ್ಕೆ ಒಂದು ಕಬ್ಬಿಣದ ಕೊಳವೆ, ನಡುವೆ ಗಡಿಗೆಯ ಹಾಗೆ ಒಂದು ಹೊಟ್ಟೆ. "ಮಗಾ, ಇದನ್ನ ಇಟ್ಕೊಂಡು ವೈವಾಗೆ ಹೋದ್ರೆ ಎಕ್ಸ್‌ಟರ್ನಲ್ ಎದುರು ಏನು ಹೇಳ್ತೀಯ?" ಅಂತ ಒಬ್ಬ ಕೇಳಿದ. ಉತ್ತರ ನಮ್ಮ ಡಿಸೈನ್ ಹುಡುಗನ ಹತ್ತಿರ ರೆಡಿ ಇತ್ತು: ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್. ಎರಡು ಚಕ್ರವೂ ಬೇರೆ ಬೇರೆ ಆಡಬೇಕು, ವಿಷ್‌ಬೋನ್ ಇರಬೇಕು. ನಾಲ್ಕು ತಿಂಗಳು ಕೂತು ಮಾಡೆಲ್ ಮಾಡಿದ. ಡಿಫರೆನ್ಷಿಯಲ್ಲನ್ನ ಆ್ಯಕ್ಸಲ್ಲಿನ ಹೊಟ್ಟೆಯಿಂದ ಹೊರತೆಗೆದು, ಪೆಟ್ಟಿಗೆ ಮಾಡಿ ಚಾಸಿಗೆ ಬೋಲ್ಟ್ ಹಾಕಿದ್ವಿ. ನೇರ ಓಟಕ್ಕೆ ಎರಡು ಚಕ್ರವೂ ಒಟ್ಟಿಗೆ ತಿರುಗಲಿ ಅಂತ ಒಳಗಿನ ಸಣ್ಣ ಗೇರುಗಳಿಗೆ ವೆಲ್ಡಿಂಗ್ ಹಾಕಿ ಲಾಕ್ ಮಾಡಿದ್ವಿ. ಚಕ್ರಕ್ಕೆ ಬೇರೆ ಸಣ್ಣ ಕಾರಿನ ಡ್ರೈವ್‌ಶಾಫ್ಟ್. ಉದ್ದ ಸರಿ ಹೋಗಲಿಲ್ಲ. ಕತ್ತರಿಸಿ, ಮೇಲೊಂದು ಸ್ಲೀವ್ ಹಾಕಿ ವೆಲ್ಡ್ ಮಾಡಿದ್ವಿ. ಖಾಲಿಯಾದ ಆ ಕೊಳವೆ ಕೊಟ್ಟಿಗೆ ಪಕ್ಕ ಬಿತ್ತು.

ಟ್ರಯಲ್ಲಿಗೆ ಸೈಟ್ ಮಾಡಿ ಬಿಟ್ಟಿದ್ದ ಒಂದು ಖಾಲಿ ಲೇಔಟಿನ ರಸ್ತೆ ಸಿಕ್ತು, ಮಾಲೀಕರನ್ನ ಕೇಳಿ ಎರಡೂ ತುದಿಗೆ ಹಗ್ಗ ಕಟ್ಟಿದ್ವಿ. ಮೊದಲ ಎರಡು ಸಲ ನಿಧಾನವಾಗಿ ಬಿಟ್ಟಾಗ ಚೆನ್ನಾಗೇ ಹೋಯ್ತು. ಮೂರನೇ ಸಲ ಆರ್‌ಪಿಎಂ ಏರಿಸಿ ಕ್ಲಚ್ ಥಟ್ಟನೆ ಬಿಟ್ಟ. ಕಾರಿನ ಹಿಂಭಾಗ ದಡದಡ ಅಂತ ಕುಣೀತು. ಇದಕ್ಕೆ ವೀಲ್ ಹಾಪ್ ಅಂತಾರೆ: ಟೈರು ಹಿಡಿಯುತ್ತೆ, ತೋಳುಗಳು ಬಾಗುತ್ತವೆ, ಟೈರು ಜಾರುತ್ತೆ, ಬಾಗಿದ್ದು ವಾಪಸ್ ಚಿಮ್ಮುತ್ತೆ, ಮತ್ತೆ ಹಿಡಿಯುತ್ತೆ. ನಾಲ್ಕನೇ ಕುಣಿತಕ್ಕೆ ಎಡಗಡೆ ಶಾಫ್ಟ್ ವೆಲ್ಡಿನ ಪಕ್ಕದಲ್ಲೇ ಮುರೀತು. ಮುರಿದ ತುಂಡು ತಿರುಗ್ತಾ ಸೀಟಿನ ಹಿಂದಿನ ತಗಡನ್ನ ಸೀಳಿ, ಓಡಿಸ್ತಿದ್ದವನ ಮೊಣಕೈಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು.

ಅವನಿಗೇನೂ ಆಗಲಿಲ್ಲ. ಆದರೆ ಅವತ್ತು ಸಂಜೆ ಯಾರೂ ಊಟ ಮಾಡಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಈ ಬರಹ ಓದಿ ಅವನ ಅಮ್ಮನಿಗೆ ಗೊತ್ತಾದರೆ ಅದಕ್ಕೆ ನಾವು ಐವರೂ ಹೊಣೆ.

ಮಾರನೇ ದಿನ ಲೆಕ್ಕ ಹಾಕಿದ್ವಿ. ಮೊದಲೇ ಹಾಕಬೇಕಿತ್ತು, ನಿಜ. ಸುಲಭಕ್ಕೆ ಎಂಜಿನ್ ಟಾರ್ಕ್ 60 ನ್ಯೂಟನ್ ಮೀಟರ್, ಮೊದಲ ಗೇರು 3.5, ಫೈನಲ್ ಡ್ರೈವ್ 5 ಅಂತ ಇಟ್ಕೊಳ್ಳಿ. ಹಿಂದಕ್ಕೆ ಬರೋದು 1050. ಎರಡು ಶಾಫ್ಟಿಗೆ ಹಂಚಿದರೆ ತಲಾ 525. ಎರಡನೇ ವರ್ಷದಲ್ಲಿ ಕಲಿತ ಸೂತ್ರ: ಟಾರ್ಕನ್ನ 16ರಿಂದ ಗುಣಿಸಿ, ಪೈ ಮತ್ತು ವ್ಯಾಸದ ಘನದಿಂದ ಭಾಗಿಸಿ. 20 ಮಿ.ಮೀ. ಶಾಫ್ಟಿಗೆ ಸುಮಾರು 334 ಮೆಗಾಪಾಸ್ಕಲ್ ಬಂತು. ಒಳ್ಳೆ ಉಕ್ಕು ತಡೆಯುತ್ತೆ. ಆದರೆ ನಾವು ಡಿಫರೆನ್ಷಿಯಲ್ ಲಾಕ್ ಮಾಡಿದ್ವಲ್ಲ! ಕುಣಿಯುವಾಗ ಒಂದು ಚಕ್ರ ಗಾಳಿಯಲ್ಲಿದ್ದರೆ ಪೂರ್ತಿ 1050 ಇನ್ನೊಂದರ ಮೇಲೆ. 668 ಮೆಗಾಪಾಸ್ಕಲ್. ಅದರ ಮೇಲೆ ಕ್ಲಚ್ ಥಟ್ಟನೆ ಬಿಟ್ಟಾಗ ಫ್ಲೈವೀಲ್ ಹೊಡೆಯೋ ಏಟು ಬೇರೆ. ಸಾಲದ್ದಕ್ಕೆ ಕಾರ್ಬನ್ ಜಾಸ್ತಿ ಇರೋ, ಹದ ಹಾಕಿದ ಶಾಫ್ಟಿಗೆ ಬಿಸಿ ಮಾಡದೆ ವೆಲ್ಡ್ ಹಾಕಿದ್ವಿ. ವೆಲ್ಡಿನ ಪಕ್ಕದ ಉಕ್ಕು ಗಾಜಿನ ಹಾಗಾಗಿತ್ತು. ಮುರಿದ ಮುಖದಲ್ಲಿ ಸಕ್ಕರೆ ಹರಳಿನ ಹಾಗೆ ಹೊಳೀತಿತ್ತು.

ಇನ್ನೊಂದು ಪರೀಕ್ಷೆ ಆ ಮೂರನೇ ಓಟಕ್ಕೆ ಮುಂಚೆ ನಮಗೇ ಗೊತ್ತಿಲ್ಲದೆ ಮಾಡಿದ್ವಿ. ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದು ಎಷ್ಟು ಸುತ್ತು ಜಾರುತ್ತೆ ಅಂತ ವಿಡಿಯೋದಲ್ಲಿ ನೋಡೋಕೆ. ಓಟ ಆದ ಮೇಲೆ ನೋಡಿದರೆ ಗೆರೆ ಒಳಅಂಚಲ್ಲಿ ಮಾತ್ರ ಅಳಿಸಿತ್ತು. ಹಿಂಭಾಗ ಕುಸಿದಾಗ ನಮ್ಮ ಗಿಡ್ಡ ತೋಳುಗಳು ಚಕ್ರದ ತಲೆಯನ್ನ ಒಳಕ್ಕೆ ವಾಲಿಸ್ತಿದ್ವು. ಹಿಡಿತ ಬೇಕಾದ ಹೊತ್ತಿಗೇ ಅರ್ಧ ಟೈರು ನೆಲ ಬಿಡ್ತಿತ್ತು. ಗಟ್ಟಿ ಆ್ಯಕ್ಸಲ್ಲಿನಲ್ಲಿ ಈ ತೊಂದರೆಯೇ ಇಲ್ಲ. ಕಾರು ಎಷ್ಟೇ ಕುಸಿಯಲಿ, ಎರಡೂ ಚಕ್ರ ನೆಟ್ಟಗೆ ನಿಂತಿರುತ್ತವೆ.

ಅಷ್ಟು ಗೊತ್ತಾದ ಮೇಲೂ "ಹಳೇದನ್ನೇ ಹಾಕೋಣ" ಅಂತ ಹೇಳೋಕೆ ನಾಲ್ವರಿಗೂ ಬಾಯಿ ಬರಲಿಲ್ಲ. ಐದನೆಯವನ ನಾಲ್ಕು ತಿಂಗಳು ಅದು. ಅವನ ಪ್ಲೇಸ್‌ಮೆಂಟ್ ರೆಸ್ಯೂಮೆಯ ಮೊದಲ ಸಾಲೂ ಅದೇ. ಹೊಸ ಶಾಫ್ಟ್ ಮಾಡಿಸಿ, ತೋಳು ಉದ್ದ ಮಾಡಿದರೆ ಡಿಸೈನ್ ನಿಲ್ಲುತ್ತೆ ಅಂತ ಅವನ ವಾದ. ತಪ್ಪು ವಾದ ಅಲ್ಲ. 2018ರ ಡಾಡ್ಜ್ ಡೀಮನ್ ಡ್ರ್ಯಾಗ್‌ಗೆ ಅಂತಲೇ ಬಂದ ಕಾರು, ಅದರ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ನೇ ಇತ್ತು. ಆದರೆ ನಮಗೆ ಉಳಿದಿದ್ದು ಮೂರು ವಾರ, ಕೈಯಲ್ಲಿದ್ದ ದುಡ್ಡು ಒಂದು ಜೊತೆ ಶಾಫ್ಟಿಗೂ ಸಾಲ್ತಿರಲಿಲ್ಲ. ಅದಕ್ಕಿಂತ ಮುಖ್ಯ, ಮತ್ತೆ ಆ ಸೀಟಿನಲ್ಲಿ ಯಾರನ್ನ ಕೂರಿಸೋದು? ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಅವನು ಬಸದಿ ಕಡೆ ಹೋದ, ಇಬ್ಬರು ಹಾಸ್ಟೆಲಿಗೆ ವಾಪಸ್ ಹೋದ್ರು.

ಕೊನೆಗೆ ಅವನೇ ಒಂದು ರಾತ್ರಿ ಗ್ರೂಪಿಗೆ ಒಂದು ಲಿಂಕ್ ಹಾಕಿದ. 1999ರಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಕೋಬ್ರಾಗೆ ಮೊದಲ ಸಲ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೊಡ್ತು, ಉಳಿದ ಮಸ್ಟಾಂಗುಗಳಲ್ಲಿ ಗಟ್ಟಿ ಆ್ಯಕ್ಸಲ್ಲೇ ಇತ್ತು. ತಿರುವಿನಲ್ಲಿ ಕೋಬ್ರಾ ಚೆನ್ನಾಗಿ ಓಡ್ತಿತ್ತು. ಡ್ರ್ಯಾಗ್ ಓಡಿಸೋರು ಮಾತ್ರ ವೀಲ್ ಹಾಪ್ ಕಾಟಕ್ಕೆ, ಶಾಫ್ಟ್ ಮುರಿಯೋ ಭಯಕ್ಕೆ, ಅದನ್ನ ಬಿಚ್ಚಿಟ್ಟು ಸಾದಾ ಮಸ್ಟಾಂಗಿನ ಗಟ್ಟಿ ಆ್ಯಕ್ಸಲ್ ಹಾಕ್ಕೊಂಡ್ರು. 2015ರಿಂದ ಮಸ್ಟಾಂಗುಗಳಿಗೆಲ್ಲ ಇಂಡಿಪೆಂಡೆಂಟ್ ಬಂತು. ಆದರೂ 2016ರ ಕೋಬ್ರಾ ಜೆಟ್ ಅನ್ನೋ ಡ್ರ್ಯಾಗ್ ಕಾರಿಗೆ ಕಂಪನಿಯವರೇ ಗಟ್ಟಿ ಆ್ಯಕ್ಸಲ್ ಹಾಕಿ ಕೊಟ್ರು. ಲಿಂಕಿನ ಕೆಳಗೆ ಅವನು ಬರೆದಿದ್ದು ಇಷ್ಟೇ: "ನಾಳೆ ಗ್ರೈಂಡರ್ ನಾನೇ ಹಿಡೀತೀನಿ."

ಮಾರನೇ ಬೆಳಿಗ್ಗೆ ಆ್ಯಕ್ಸಲ್ ಹುಡುಕಿದ್ರೆ ಅದಕ್ಕೆ ಒಂದು ಕರು ಕಟ್ಟಿತ್ತು. ಗೆಳೆಯನ ಅಪ್ಪ ಕೊಳವೆಗೆ ಹಗ್ಗ ಬಿಗಿದು ಮೇವು ಹಾಕಿದ್ರು. "ಬೇಡ ಅಂತ ಬಿಸಾಕಿದ್ರಲ್ಲ ಹುಡುಗ್ರಾ, ಗೂಟ ಹೂಳೋ ಕೆಲಸ ತಪ್ತು ಅಂದ್ಕೊಂಡಿದ್ದೆ" ಅಂದ್ರು. ಸೆಗಣಿ ತೊಳೆದು, ಒಳಗೆ ಸೇರಿದ್ದ ಮಣ್ಣು ಇರುವೆ ಎಲ್ಲ ಡೀಸೆಲ್ ಹಾಕಿ ತೆಗೆದ್ವಿ.

ಆ್ಯಕ್ಸಲ್ ವಾಪಸ್ ಹಾಕೋದು ಅಂದ್ರೆ ಬೋಲ್ಟ್ ಬಿಗಿಯೋ ಕೆಲಸ ಅಲ್ಲ. ಲೀಫ್ ಸ್ಪ್ರಿಂಗ್ ಒಂದರಿಂದಲೇ ಹಿಡಿದರೆ ಜೋರು ಟಾರ್ಕಿಗೆ ಪಟ್ಟಿಗಳೇ ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಬಾಗುತ್ತವೆ, ಮತ್ತೆ ಅದೇ ಕುಣಿತ. ಅದಕ್ಕೆ ಆ್ಯಕ್ಸಲ್ಲನ್ನ ಚಾಸಿಗೆ ನಾಲ್ಕು ಪೈಪಿನ ತೋಳುಗಳಿಂದ ಹಿಡಿದ್ವಿ, ಪಕ್ಕಕ್ಕೆ ಸರೀದಿರಲಿ ಅಂತ ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್. ಸ್ಪ್ರಿಂಗು, ಡ್ಯಾಂಪರ್, ಅದರ ಬ್ರ್ಯಾಕೆಟ್ಟು ಎಲ್ಲ ಡಿಸೈನ್ ಹುಡುಗ ಮೊದಲು ಮಾಡಿದ್ದೇ. ಅಷ್ಟಾದರೂ ಉಳೀತು.

ಕೊಳವೆ ಮೇಲೆ ಬ್ರ್ಯಾಕೆಟ್ ವೆಲ್ಡ್ ಮಾಡುವಾಗ ಆತುರ ಪಟ್ಟರೆ ಬಿಸಿಗೆ ಕೊಳವೆಯೇ ಬಾಗುತ್ತೆ. ಒಂದು ಕಡೆ ಒಂದಿಂಚು, ಆರಿದ ಮೇಲೆ ಎದುರು ಕಡೆ ಒಂದಿಂಚು, ಹೀಗೆ ಎರಡು ದಿನ ಹಿಡೀತು. ಚಕ್ರದಿಂದ ಚಕ್ರಕ್ಕೆ ಮೂಲೆ ಮೂಲೆಗೆ ನೈಲಾನ್ ದಾರ ಎಳೆದು ಅಳೆದಾಗ 3 ಮಿ.ಮೀ. ವ್ಯತ್ಯಾಸ ಇತ್ತು, ತೋಳಿನ ಉದ್ದ ತಿದ್ದಿ ಸರಿ ಮಾಡಿದ್ವಿ. ಚಕ್ರ ಮುಂದಕ್ಕೆ ತಿರುಗಿದಾಗ ಆ್ಯಕ್ಸಲ್ಲಿನ ಹೊಟ್ಟೆ ಹಿಮ್ಮುಖವಾಗಿ ತಿರುಗೋಕೆ ನೋಡುತ್ತೆ, ಪಿನಿಯನ್ ಮೂಗು ಮೇಲಕ್ಕೆ ಎದ್ದೇಳುತ್ತೆ. ಅದಕ್ಕೆ ನಿಂತಾಗಲೇ ಮೂಗನ್ನ ಎರಡು ಡಿಗ್ರಿ ಕೆಳಕ್ಕೆ ಇಟ್ವಿ, ಹೊರಟಾಗ ಪ್ರೊಪೆಲ್ಲರ್ ಶಾಫ್ಟಿಗೆ ನೇರವಾಗಲಿ ಅಂತ. ಅಳೆದಿದ್ದು ಮೊಬೈಲ್ ಆ್ಯಪ್‌ನಲ್ಲಿ. ಕ್ರೌನ್ ಪಿನಿಯನ್ ಸಡಿಲ ಮಾತ್ರ ಲ್ಯಾಬಿನಿಂದ ಡಯಲ್ ಗೇಜ್ ಬೇಡಿ ತಂದು ನೋಡಿದ್ವಿ.

ಒಳಗೆ ಹೋಗೋ ಶಾಫ್ಟುಗಳು ಓಮ್ನಿಯವೇ, ಜಾಯಿಂಟಿಲ್ಲ, ವೆಲ್ಡಿಲ್ಲ, ನೋಡೋಕೇ ದಪ್ಪ. ವ್ಯಾಸ 20ರಿಂದ 25 ಆದರೆ ಅದರ ಘನ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ ಅನ್ನೋದನ್ನ ಈಗ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುರಿದರೂ ಕೊಳವೆ ಒಳಗೇ ಮುರೀಬೇಕು. ಪ್ರೊಪೆಲ್ಲರ್ ಶಾಫ್ಟ್ ಸುತ್ತ ಉಕ್ಕಿನ ಬಳೆ ಒಂದು ಹಾಕಿದ್ವಿ, ಸೀಟಿನ ಹಿಂದೆ ತಗಡಿನ ಬದಲು ದಪ್ಪ ಪ್ಲೇಟ್. ಈ ಎರಡು ಕೆಲಸ ಮೊದಲ ದಿನವೇ ಆಗಬೇಕಿತ್ತು.

ಗಟ್ಟಿ ಆ್ಯಕ್ಸಲ್ ಎಲ್ಲ ಕಡೆಗೂ ಒಳ್ಳೇದು ಅಂತ ನಾವು ಹೇಳ್ತಿಲ್ಲ. ಸ್ಪ್ರಿಂಗಿನ ಕೆಳಗೆ ಅಷ್ಟೂ ಭಾರ ನೇತಾಡುತ್ತೆ, ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ನೋವು. ಲೇಔಟಿನಿಂದ ಶೆಡ್ಡಿಗೆ ಕಾರು ತಳ್ಳಿಕೊಂಡು ಬರುವಾಗ ಗೇಟಿನ ತಿರುವಿನಲ್ಲಿ ಲಾಕ್ ಆದ ಟೈರುಗಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಆದರೆ ನಮ್ಮ ಓಟದಲ್ಲಿ ತಿರುವೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಯಾವ ಓಟಕ್ಕೆ ಕಾರು ಮಾಡ್ತಿದ್ದೀವಿ ಅಂತ ನಾವು ಕೇಳಿಕೊಂಡೇ ಇರಲಿಲ್ಲ. ವೈವಾದಲ್ಲಿ ಏನು ಕೇಳ್ತಾರೆ ಅಂತ ಮಾತ್ರ ಯೋಚಿಸಿದ್ವಿ.

ಫೆಸ್ಟಿನಲ್ಲಿ ಏಳು ಕಾರಲ್ಲಿ ನಾವು ನಾಲ್ಕನೆಯವರು. ಟ್ರಯಲ್ಲೂ ಸೇರಿ ಹನ್ನೊಂದು ಸಲ ಕ್ಲಚ್ ಬಿಟ್ವಿ, ಒಂದು ಸಲವೂ ಕುಣಿಯಲಿಲ್ಲ. ಸೀಮೆಸುಣ್ಣದ ಗೆರೆ ಟೈರಿನ ಅಗಲಕ್ಕೂ ಅಳಿಸಿತ್ತು. ಅದರ ಫೋಟೋ ತೆಗೆದಿದ್ದು ಡಿಸೈನ್ ಹುಡುಗ. ವೈವಾದಲ್ಲಿ ಅವನು ಎರಡೂ ಫೋಟೋ ಅಕ್ಕಪಕ್ಕ ಇಟ್ಟು, ತನ್ನ ಡಿಸೈನ್ ಯಾಕೆ ಸೋತಿತು ಅಂತ ಇಪ್ಪತ್ತು ನಿಮಿಷ ಮಾತಾಡಿದ. ಆ್ಯಕ್ಸಲ್ ಹಳೇ ಕಾಲದ್ದು ಅಂತ ಎಕ್ಸ್‌ಟರ್ನಲ್ ಒಂದು ಮಾತೂ ಆಡಲಿಲ್ಲ. ಅವನ ಮಾಡೆಲ್ ಫೈಲುಗಳು ಡಿಪಾರ್ಟ್‌ಮೆಂಟಿನ ಕಂಪ್ಯೂಟರಿನಲ್ಲಿವೆ. ತಿರುವಿರೋ ಓಟಕ್ಕೆ ಕಾರು ಮಾಡೋ ಜೂನಿಯರ್‌ಗಳು ತಗೊಳ್ಳಿ, ತೋಳು ಮಾತ್ರ ಉದ್ದ ಮಾಡಿ, ಶಾಫ್ಟ್ ವೆಲ್ಡ್ ಮಾಡಬೇಡಿ.

ಶೆಡ್ ಖಾಲಿ ಮಾಡೋ ದಿನ ಗೆಳೆಯನ ಅಪ್ಪ ಬಂದು, "ಎಲ್ಲ ಸರಿ, ಈಗ ನಮ್ಮ ಕರು ಎಲ್ಲಿ ಕಟ್ಟೋದು?" ಅಂದ್ರು. ಮುರಿದ ಡ್ರೈವ್‌ಶಾಫ್ಟಿನ ಉದ್ದನೆ ತುಂಡು ಮೂಲೆಯಲ್ಲಿ ಬಿದ್ದಿತ್ತು. ಸುತ್ತಿಗೆಯಿಂದ ಕೊಟ್ಟಿಗೆ ಮುಂದೆ ಹೊಡೆದು ಕೊಟ್ವಿ. ಗೂಟವಾಗಿ ಚೆನ್ನಾಗಿ ನಿಂತಿದೆ. ಕರು ಎಷ್ಟು ಎಳೆದರೂ ಅಲ್ಲಾಡಲ್ಲ ಅಂತೆ.