ಉಪ್ಪುಸೊಳೆ ಮತ್ತು ನನ್ನ ಕೆಮಿಸ್ಟ್ರಿ

ಮೊನ್ನೆ ಊರಿಂದ ಹೊರಡುವಾಗ ಅಮ್ಮ ಎರಡು ಹಲಸಿನಕಾಯಿ ಕಟ್ಟಿ ಕೊಟ್ಟಿದ್ದಳು. ಸೊಳೆ ಬಿಡಿಸಿ ಉಪ್ಪುನೀರಲ್ಲಿ ಹಾಕಿಟ್ಟರೆ ಮಳೆಗಾಲದ ಪಲ್ಯಕ್ಕಾಯಿತು. ಕೆಟ್ಟರೆ ಮಾತ್ರ ಇನ್ನು ಬರುವ ವರ್ಷವೇ!

ಶೇಕಡಾ 20ರ ಉಪ್ಪುನೀರು ಮಾಡೋಣ ಅಂತ ಹೊರಟೆ. ಕಲ್ಲುಪ್ಪು 1 ಕೆಜಿ. ನೂರಕ್ಕೆ ಇಪ್ಪತ್ತು ಅಂದರೆ ಐದರಲ್ಲೊಂದು, ಹಾಗಾದರೆ ನೀರು 5 ಲೀಟರ್... ಸುರಿದೇಬಿಟ್ಟೆ. ಆಮೇಲೆ ಹೊಳೆಯಿತು, ಐದರಲ್ಲೊಂದು ಇರಬೇಕಾದದ್ದು ಇಡೀ ದ್ರಾವಣದ ತೂಕದಲ್ಲಿ, ಬರೀ ನೀರಿನ ತೂಕದಲ್ಲಲ್ಲ! ಈಗ ಒಟ್ಟು 6 ಕೆಜಿ, ಅದರಲ್ಲಿ ಉಪ್ಪು 1. ಅಂದರೆ ಶೇಕಡಾ 16.7 ಅಷ್ಟೇ.

ಸರಿಯಾದ ಲೆಕ್ಕ ಹೀಗೆ: ಒಟ್ಟು ತೂಕ 1 ÷ 0.20 = 5 ಕೆಜಿ. ಉಪ್ಪಿನ 1 ಕೆಜಿ ಕಳೆದರೆ ನೀರು 4 ಕೆಜಿ. ನೀರು ಲೀಟರಿಗೆ ಹೆಚ್ಚುಕಮ್ಮಿ ಒಂದು ಕೆಜಿ ತೂಗುವುದರಿಂದ 4 ಲೀಟರ್. (ಎಣ್ಣೆಯಾಗಿದ್ದರೆ ತೂಕವನ್ನು ಅದರ ಸಾಂದ್ರತೆಯಿಂದ ಭಾಗಿಸಬೇಕಿತ್ತು.) ಪಿಯುಸಿಯಲ್ಲಿ ಇದೇ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡವನು ನಾನು!

ಉಪ್ಪು ಕರಗಿದ ಮೇಲೆ ನೀರು ವಾಪಸ್ ತೆಗೆಯೋಕಾಗುತ್ತಾ? ಉಪ್ಪನ್ನೇ ಹೆಚ್ಚಿಸಬೇಕು. 5 ಲೀಟರ್ ನೀರು 80 ಪಾಲಾದರೆ 20 ಪಾಲು ಉಪ್ಪು ಅಂದರೆ 1.25 ಕೆಜಿ. ಮತ್ತೆ 250 ಗ್ರಾಂ ಹಾಕಿ, ಗೆದ್ದೆ ಅಂತ ಅಮ್ಮನಿಗೆ ಫೋನ್ ಮಾಡಿದೆ.

"ಸೊಳೆಯೂ ನೀರು ಬಿಡ್ತದಲ್ಲ ಮಗಾ, ಅದನ್ನ ಲೆಕ್ಕಕ್ಕೆ ಹಿಡಿದೆಯಾ?"

ಹಿಡಿದಿರಲಿಲ್ಲ. ಅವಳು ಹೇಳಿದ ಹಾಗೆ ಇನ್ನೆರಡು ಹಿಡಿ ಉಪ್ಪು ಹಾಕಿ ಭರಣಿ ಮುಚ್ಚಿದ್ದೇನೆ. ತೆಗೆದಾಗ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ :)