ಗುಬ್ಬಿಯ ಗೃಹಸ್ಥ

ಸಂಸ್ಕೃತದಲ್ಲಿ ಗಂಡನಿಗೆ ‘ಭರ್ತೃ’ ಎಂದು ಹೆಸರು. ‘ಭೃ’ ಎಂಬ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಹೊರುವವನು, ಪೋಷಿಸುವವನು ಎಂದರ್ಥ. ಅಮರಕೋಶದಲ್ಲಿ ನಟನಿಗೆ ಹೇಳಿರುವ ಹೆಸರುಗಳಲ್ಲಿ ‘ಜಾಯಾಜೀವ’ ಎಂಬುದೂ ಒಂದು; ಹೆಂಡತಿಯಿಂದ ಜೀವಿಸುವವನು ಎಂದು ಅದರ ಅರ್ಥ. ಒಂದು ಮಾತು ಗೌರವದ್ದು, ಇನ್ನೊಂದು ನಿಂದೆಯದು. ಬಹುಕಾಲ ಬಾಲಕರಿಗೆ ಸಂಸ್ಕೃತಪಾಠ ಹೇಳಿದ ನಮಗೆ ಈ ಎರಡನೆಯ ಶಬ್ದವು ಬಂದಾಗಲೆಲ್ಲ ಗುಬ್ಬಿ ವೀರಣ್ಣನವರ ನೆನಪಾಗುತ್ತಿತ್ತು. ಆ ನಿಂದೆಗೆ ಅವರು ಮಾತಿನಿಂದಲ್ಲ, ಸಂಸಾರದಿಂದಲೇ ಉತ್ತರ ಕೊಟ್ಟವರು.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಸ್ಥಾಪನೆಯಾದದ್ದು 1884ರಲ್ಲಿ. 1891ರಲ್ಲಿ ಹುಟ್ಟಿದ ವೀರಣ್ಣನವರು ಬಾಲ್ಯದಲ್ಲಿಯೇ ಅದನ್ನು ಸೇರಿ, 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಅವರು 1972ರಲ್ಲಿ ಕಾಲವಾದಾಗ ನಾವಿನ್ನೂ ಅಕ್ಷರಾಭ್ಯಾಸದಲ್ಲಿದ್ದ ಬಾಲಕರು; ರಂಗದ ಮೇಲೆ ಅವರನ್ನು ಕಂಡವರಲ್ಲ. ಆದರೆ ನಮ್ಮ ತಾಯಿಯ ತವರು ಗುಬ್ಬಿ. ‘ಸದಾರಮೆ’ಯಲ್ಲಿ ಅವರು ಕಳ್ಳನಾಗಿ ಪ್ರವೇಶಿಸುತ್ತಲೇ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು ಕೂಡ ನಗು ತಡೆಯಲಾರದೆ ಹೋಗುತ್ತಿದ್ದರೆಂದು ನಮ್ಮ ಅಜ್ಜಿ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇವೆ. ಅದೇ ಅಜ್ಜಿಯವರೇ, ಎಲೆಯಡಿಕೆ ಹಾಕಿಕೊಳ್ಳುತ್ತ, “ಆಟ ನೋಡೋಕೆ ಚೆನ್ನ ಕಣಪ್ಪಾ, ಆಡೋರ ಮನೆ ನಂಟು ಮಾತ್ರ ಬೇಡ” ಎಂದೂ ಹೇಳುತ್ತಿದ್ದರು. ನಮ್ಮ ಗೃಹಸ್ಥರ ಮನಸ್ಸು ಬಹುಕಾಲ ಹೀಗೆಯೇ ಇದ್ದಿತು: ನಗುವುದು ಅಲ್ಲಿ, ಮರ್ಯಾದೆ ಕೊಡುವುದು ಬೇರೆಡೆ.

ವೀರಣ್ಣನವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಪತ್ನಿಯರಿದ್ದರು. ಇಂದಿನ ಕಾನೂನು ಅದಕ್ಕೆ ಒಪ್ಪದು. ಏಕಪತ್ನೀವ್ರತಕ್ಕೆ ದೃಷ್ಟಾಂತವೆಂದು ನಾವು ಅವರನ್ನು ಸ್ಮರಿಸುತ್ತಲೂ ಇಲ್ಲ. ನಾವು ಹೇಳಬೇಕೆಂದಿರುವುದು ಬೇರೊಂದು ಸಂಗತಿ. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರಗಳನ್ನು ಆಡುತ್ತಿದ್ದ ಕಾಲದಿಂದ ಹೊರಬಂದು, ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ಕೊಟ್ಟ ಮೊದಮೊದಲಿನ ಕನ್ನಡ ಕಂಪನಿಗಳಲ್ಲಿ ಗುಬ್ಬಿಯದೂ ಒಂದು. ಸುಂದರಮ್ಮನವರೂ ಬಿ. ಜಯಮ್ಮನವರೂ ಪತಿಯೊಡನೆ ಅದೇ ರಂಗದ ಮೇಲೆ ನಿಂತವರು. ಜಯಮ್ಮನವರು ‘ಹೇಮರೆಡ್ಡಿ ಮಲ್ಲಮ್ಮ’ ಚಲನಚಿತ್ರದಲ್ಲಿ ಮಲ್ಲಮ್ಮನಾಗಿ ಗೃಹಿಣಿಯರ ಕಣ್ಣಲ್ಲಿ ನೀರು ತರಿಸಿದರು. ಹೆಂಡತಿಯನ್ನು ಪರದೆಯ ಹಿಂದಿಟ್ಟು ಪರರ ಮನೆಯ ಹೆಣ್ಣುಮಕ್ಕಳನ್ನು ಕುಣಿಸುವುದು ಸುಲಭ. ತನ್ನ ಮನೆಯವರನ್ನೇ ತನ್ನ ಪಕ್ಕದಲ್ಲಿ, ತನ್ನ ಹೆಸರಿನೊಡನೆ ನಿಲ್ಲಿಸಿ, ಇದು ಮಾನದ ಕೆಲಸವೆಂದು ತೋರಿಸುವುದು ಸುಲಭವಲ್ಲ. ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ವೆಂದು ಅವರು ಹೆಸರಿಟ್ಟದ್ದು ಬರಿಯ ಅಲಂಕಾರವಲ್ಲ.

ತಂದೆಯಾಗಿಯೂ ಅವರ ಮನೆ ಒಡಹುಟ್ಟಿದವರಿಗೆ ಮಾತ್ರ ಮೀಸಲಾಗಿರಲಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ಮುತ್ತುರಾಜರೂ ಆ ಕಂಪನಿಯ ಅನ್ನವನ್ನು ಉಂಡವರು. ಆ ಮಗನೇ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರಾದರು. ಮನೆ ಬಿಟ್ಟು ಓಡಿಬಂದ ಬಾಲಕ ಬಿ.ವಿ. ಕಾರಂತರಿಗೆ ಆಶ್ರಯ ಕೊಟ್ಟು, ಮುಂದೆ ಎಂ.ಎ. ಓದಲು ಕಾಶಿಗೆ ಕಳುಹಿಸಿದವರೂ ವೀರಣ್ಣನವರೇ. ಕೈಗೆ ಬಂದ ನಟನನ್ನು ಕಂಪನಿಯ ಲಾಭಕ್ಕೆ ಕಟ್ಟಿಹಾಕದೆ ಓದಿಗೆ ಬಿಟ್ಟುಕೊಡುವುದು ಯಜಮಾನನ ಲಕ್ಷಣವಲ್ಲ, ತಂದೆಯ ಲಕ್ಷಣ.

ಮಗಳು ಮಾಲತಮ್ಮನವರು ತಂದೆಯ ರಂಗದಲ್ಲಿಯೇ ಬೆಳೆದರು. ಮಾಲತಮ್ಮನವರ ಮಗಳು ಬಿ. ಜಯಶ್ರೀಯವರು ಎಳವೆಯಲ್ಲಿ ತಾತನ ಕಂಪನಿಯಲ್ಲಿ ಬಣ್ಣ ಹಚ್ಚಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಸ್ಪಂದನ’ವೆಂಬ ತಂಡವನ್ನು ಕಟ್ಟಿದರು, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ತಾತನಿಗೆ 1972ರಲ್ಲಿ ಬಂದ ಪದ್ಮಶ್ರೀ ಮೊಮ್ಮಗಳಿಗೆ 2013ರಲ್ಲಿ ಬಂದಿತು. ಪ್ರಶಸ್ತಿ ದೊಡ್ಡದೆಂದು ಇದನ್ನು ಹೇಳಲಿಲ್ಲ. ತಾತನ ಕಸುಬನ್ನು ಹೇಳಿಕೊಳ್ಳಲು ಮೊಮ್ಮಗಳು ತಲೆ ತಗ್ಗಿಸಬೇಕಾಗಲಿಲ್ಲವೆಂಬುದೇ ದೊಡ್ಡದು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವುಂಟು. ಕುಣಿಗಲಿನಲ್ಲಿರುವ ನಮ್ಮ ತಮ್ಮನು ಕಳೆದ ಬೇಸಗೆಯಲ್ಲಿ ತನ್ನ ಮಗಳನ್ನು ಕರೆದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದನು. ಹುಡುಗಿ ಪದವಿ ಮುಗಿಸಿದ್ದಾಳೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಸೇರಬೇಕೆಂದು ಹಟ. “ಅಣ್ಣ, ನೀನಾದರೂ ಬುದ್ಧಿ ಹೇಳು. ನಾಳೆ ಇವಳಿಗೆ ಗಂಡು ಎಲ್ಲಿ ಹುಡುಕಲಿ?” ಎಂದನು. ಹುಡುಗಿ ಅಳಲಿಲ್ಲ, ಎದುರುತ್ತರವನ್ನೂ ಕೊಡಲಿಲ್ಲ. “ದೊಡ್ಡಪ್ಪ, ನಿಮ್ಮೂರ ಕಲಾಕ್ಷೇತ್ರಕ್ಕೆ ಯಾರ ಹೆಸರಿಟ್ಟಿದ್ದಾರೆ?” ಎಂದಷ್ಟೆ ಕೇಳಿದಳು. ಗುಬ್ಬಿ ವೀರಣ್ಣನವರ ಹೆಸರೆಂದು ನಮ್ಮಿಬ್ಬರಿಗೂ ಗೊತ್ತು.

ನಾವು ತಮ್ಮನಿಗೆ ಹೇಳಿದ್ದು ಇಷ್ಟು: “ಹೊಟ್ಟೆಪಾಡಿನ ಚಿಂತೆ ನ್ಯಾಯವಾದದ್ದು, ಅದನ್ನು ಅವಳೊಡನೆ ಕುಳಿತು ಲೆಕ್ಕ ಹಾಕು. ಮಾನದ ಚಿಂತೆಯನ್ನು ಮಾತ್ರ ಬಿಡು. ಅದನ್ನು ಗುಬ್ಬಿಯಲ್ಲಿ ಒಬ್ಬರು ಆಗಲೇ ತೀರಿಸಿ ಹೋಗಿದ್ದಾರೆ.” ಅವನು ಬಹಳ ಹೊತ್ತು ಸುಮ್ಮನಿದ್ದು, “ಒಂದು ವರ್ಷ ನೋಡೋಣ” ಎಂದು ಎದ್ದನು. ಶುಲ್ಕವನ್ನೂ ಅವನೇ ಕಟ್ಟಿದನು.

ವಾಚಕ ಮಹಾಶಯರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆ ಇದು. ಮಕ್ಕಳಿಗೆ ಹೊಲ, ಮನೆ, ಒಡವೆಗಳನ್ನು ಬಿಡುವವರು ಹಲವರು. ಆದರೆ ತಾನು ಮಾಡಿದ ಕೆಲಸವನ್ನು ಮಕ್ಕಳು ಮೊಮ್ಮಕ್ಕಳು ಸಂಕೋಚವಿಲ್ಲದೆ ಹೇಳಿಕೊಳ್ಳುವಂತೆ ಬದುಕಿ ಹೋಗುವ ಗೃಹಸ್ಥನು ಬಿಟ್ಟ ಆಸ್ತಿಯು ಅವನ ಮನೆಯವರಿಗೆ ಮಾತ್ರವೇ ಸಲ್ಲದೆ, ಪಕ್ಕದ ಕುಣಿಗಲಿನ ಹುಡುಗಿಗೂ ಸಲ್ಲುವುದು. ಹೀಗೆ ಹೊತ್ತವನಿಗೇ ‘ಭರ್ತೃ’ ಎಂಬ ಹೆಸರು ಸಾರ್ಥಕವೆಂದು ನಾವು ನಂಬಿದ್ದೇವೆ.