ಶಾಲೆಯಲ್ಲಿ ಬಿಟ್ಟುಹೋಗುವ ಪಾಠ

ಮದ್ರಸಾದಲ್ಲಿ ಖುದೂರಿ ಓದಲು ಕುಳಿತಾಗ ನಮಗೆಲ್ಲ ಹದಿನಾಲ್ಕು, ಹದಿನೈದರ ಪ್ರಾಯ. ಹನಫಿ ಕರ್ಮಶಾಸ್ತ್ರದ ಆ ಗ್ರಂಥ ಆರಂಭವಾಗುವುದೇ ಶುದ್ಧಿಯ ಅಧ್ಯಾಯದಿಂದ. ವುಝೂ, ಗುಸ್ಲ್, ತಯಮ್ಮುಮ್‌ಗಳ ಬಳಿಕ ಹೈಝ್‌ನ ಪ್ರಕರಣ ಬರುತ್ತದೆ. ಮುಟ್ಟಿನ ಕನಿಷ್ಠ ಅವಧಿ ಮೂರು ದಿನ, ಗರಿಷ್ಠ ಹತ್ತು ದಿನ. ಆ ದಿನಗಳ ನಮಾಝನ್ನು ಮತ್ತೆ ನಿರ್ವಹಿಸಬೇಕಾಗಿಲ್ಲ, ಉಪವಾಸವನ್ನು ಮಾತ್ರ ನಂತರ ಪೂರೈಸಬೇಕು. ಉಸ್ತಾದರು ಅರಬಿ ವಾಕ್ಯವನ್ನು ಓದಿ ಉರ್ದುವಿನಲ್ಲಿ ವಿವರಿಸುತ್ತಿದ್ದರು. ತಯಮ್ಮುಮ್‌ಗೆ ಯಾವ ಮಣ್ಣು ಸಲ್ಲುತ್ತದೆ ಎಂದು ಹೇಳುವಾಗ ಇದ್ದ ಧಾಟಿಯೇ ಇಲ್ಲಿಯೂ ಇರುತ್ತಿತ್ತು. ಹುಡುಗರು ಬರೆದುಕೊಳ್ಳುತ್ತಿದ್ದೆವು.

ಆಮೇಲೆ ನಾನು ಕನ್ನಡ ಬಿ.ಎ. ಮುಗಿಸಿ ಶಾಲಾ ಶಿಕ್ಷಕನಾದೆ. ಬೆಳಗಾವಿಯಿಂದ ಖಾನಾಪುರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಂದು ನಮಗಿದ್ದಷ್ಟೇ ಪ್ರಾಯದ ಮಕ್ಕಳು ಇಂದು ನನ್ನೆದುರು ಕುಳಿತಿರುತ್ತಾರೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಹೂವಿನ ಪರಾಗಸ್ಪರ್ಶದವರೆಗೆ ಪಾಠ ಸರಾಗವಾಗಿ ಸಾಗುತ್ತದೆ. ಮನುಷ್ಯರ ಭಾಗಕ್ಕೆ ಬಂದೊಡನೆ ಅನೇಕ ಶಾಲೆಗಳಲ್ಲಿ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂಬ ಮಾತು ಬರುತ್ತದೆ. ಮನೆಯಲ್ಲಿ ಓದಿಸುವವರು ಯಾರು?

ನಮ್ಮ ಕಡೆ ಈ ಮೌನಕ್ಕೆ ಭಾಷೆಯ ತೊಡಕೂ ಸೇರಿಕೊಂಡಿದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮೂರು ಭಾಷೆ ಬಲ್ಲ ಹುಡುಗಿಗೆ ತನ್ನ ದೇಹದ ಕುರಿತು ಹೇಳಲು ಒಂದರಲ್ಲಿಯೂ ಮಾತು ಸಿಗುವುದಿಲ್ಲ. ‘ನಮಾಝ್ ಇಲ್ಲ’ ಎಂದರೆ ಮನೆಯಲ್ಲಿ ತಾಯಿಗೆ ತಿಳಿಯುತ್ತದೆ. ಶಾಲೆಯಲ್ಲಿ ಹೊಟ್ಟೆನೋವು, ಜ್ವರ ಎಂದು ಹೇಳಿ ಬ್ಯಾಗು ಎತ್ತಿಕೊಂಡು ಹೊರಡುತ್ತಾಳೆ, ಅಥವಾ ಆ ದಿನಗಳಲ್ಲಿ ಬರುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣಕುಂಬಿ, ಜಾಂಬೋಟಿಯ ಕಡೆ ಮಳೆ ಬಿಡುವು ಕೊಡುವುದಿಲ್ಲ. ಬಟ್ಟೆ ಬಳಸುವ ಮನೆಗಳಲ್ಲಿ ಅದನ್ನು ಯಾರ ಕಣ್ಣಿಗೂ ಬೀಳದಂತೆ ಬೇರೆ ಬಟ್ಟೆಯ ಅಡಿಯಲ್ಲಿ ಹರವುತ್ತಾರೆ. ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಒದ್ದೆ ಬಟ್ಟೆಯನ್ನೇ ಮತ್ತೆ ಬಳಸಿದರೆ ತುರಿಕೆ ಬರುತ್ತದೆ, ಸೋಂಕು ಬರುತ್ತದೆ. ಶುದ್ಧಿಯನ್ನು ಈಮಾನ್‌ನೊಂದಿಗೆ ಜೋಡಿಸಿದ ಧರ್ಮದ ಮಕ್ಕಳಿಗೆ ಇದನ್ನು ಹೇಳಿಕೊಡುವವರಿಲ್ಲ! ಸರಕಾರದ ‘ಶುಚಿ’ ಯೋಜನೆಯಲ್ಲಿ ಹದಿಹರೆಯದ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್‌ಗಳಿವೆ. ಕೊರೋನಾದ ನಂತರ ಕೆಲವು ವರ್ಷ ನಿಂತಿದ್ದು 2024ರಲ್ಲಿ ಮತ್ತೆ ಆರಂಭವಾಯಿತು. ಪ್ಯಾಡ್ ಕೈಗೆ ಬಂದರೂ ಬದಲಿಸಲು ಚಿಲಕವಿರುವ, ನೀರಿರುವ ಶೌಚಾಲಯ ಬೇಕಲ್ಲ.

ಕಳೆದ ವರ್ಷ ನಮ್ಮ ಶಾಲೆಗೆ ಆರೋಗ್ಯ ಇಲಾಖೆಯ ಆಪ್ತ ಸಮಾಲೋಚಕಿಯೊಬ್ಬರು ಬರುವವರಿದ್ದರು. ಹಿಂದಿನ ದಿನ ಸಂಜೆ ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ತಂದೆಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು.

“ಮೌಲಾನಾ, ನೀವಿದ್ದೂ ಇಂಥದ್ದು ನಡೆಯಬೇಕೇ? ನಾಳೆ ನನ್ನ ಮಗಳನ್ನು ಕಳಿಸುವುದಿಲ್ಲ.”

“ಮೊದಲು ಕುಳಿತುಕೊಳ್ಳಿ ಭಾಯಿ. ನಿಮ್ಮ ಮನೆಯಲ್ಲಿ ಬೆಹಿಷ್ತಿ ಝೇವರ್ ಇದೆಯೇ?”

“ಇದೆ. ನಿಕಾಹ್ ಸಮಯದಲ್ಲಿ ಮಾವನವರು ಮಗಳಿಗೆ ಕೊಟ್ಟದ್ದು.”

“ಅದರಲ್ಲಿ ಹೈಝ್‌ನ ಮಸ್‌ಅಲಾಗಳಿವೆ. ಬರೆದವರು ಮೌಲಾನಾ ಅಶ್ರಫ್ ಅಲಿ ಥಾನವಿಯವರು.”

“ಅದು ದೀನ್. ಇದು ಬೇರೆ” ಎಂದರು ಅವರು.

ಆ ಮಾತನ್ನು ನಾನು ತಳ್ಳಿಹಾಕಲಿಲ್ಲ. ಅವರ ಭಯ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಯಾವುದೋ ಚಿತ್ರ ತೋರಿಸಿ, ಹರಾಮನ್ನು ಹಗುರಗೊಳಿಸಿಬಿಡುತ್ತಾರೆ ಎಂಬುದಾಗಿತ್ತು. ಹೆಣ್ಣುಮಗಳ ತಂದೆಗೆ ಈ ಭಯ ಸಹಜ. ಆದ್ದರಿಂದ ಅವರಿಗೆ ಒಂದು ಹದೀಸ್ ನೆನಪಿಸಿದೆ. ಮುಟ್ಟಿನ ನಂತರದ ಸ್ನಾನದ ವಿಧಾನವನ್ನು ಕೇಳಲು ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಕಸ್ತೂರಿ ಸವರಿದ ಬಟ್ಟೆಯ ತುಂಡಿನಿಂದ ಶುಚಿಗೊಳಿಸಿಕೊಳ್ಳುವಂತೆ ಪ್ರವಾದಿ(ಸ) ತಿಳಿಸಿದರು. ‘ಹೇಗೆ’ ಎಂದು ಆಕೆ ಮತ್ತೆ ಕೇಳಿದಾಗ ಪ್ರವಾದಿವರ್ಯರಿಗೆ(ಸ) ಸಂಕೋಚವಾಯಿತು. ಹಝ್ರತ್ ಆಯಿಶಾ(ರ) ಆ ಮಹಿಳೆಯನ್ನು ತಮ್ಮ ಕಡೆಗೆ ಸೆಳೆದುಕೊಂಡು ಬಿಡಿಸಿ ಹೇಳಿದರು. ಲಜ್ಜೆ ಅಲ್ಲಿ ಪೂರ್ಣವಾಗಿತ್ತು. ಆದರೂ ಕೇಳಿದವಳು ಉತ್ತರವಿಲ್ಲದೆ ಮರಳಲಿಲ್ಲ. ಯಾರು ಹೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ಹಯಾ ನಿರ್ಧರಿಸಿತು. ಹೇಳಲೇಬಾರದು ಎಂದು ಅದು ತಡೆಯಲಿಲ್ಲ. ಅನ್ಸಾರಿ ಮಹಿಳೆಯರನ್ನು ಆಯಿಶಾ(ರ) ಹೊಗಳಿದ್ದು ಕೂಡ, ದೀನ್ ಕಲಿಯಲು ಅವರಿಗೆ ಲಜ್ಜೆ ಅಡ್ಡಿಯಾಗಲಿಲ್ಲ ಎಂಬ ಕಾರಣಕ್ಕೇ.

ಅವರು ಬಹಳ ಹೊತ್ತು ಸುಮ್ಮನಿದ್ದು, “ಹೇಳುವವರು ಹೆಂಗಸರೇ ತಾನೇ?” ಎಂದು ಕೇಳಿದರು. ಹೌದೆಂದೆ. ಹುಡುಗಿಯರಿಗೆ ಮಾತ್ರ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಬೇಕಿದ್ದರೆ ತಾಯಂದಿರೂ ಬಂದು ಕುಳಿತುಕೊಳ್ಳಬಹುದು ಎಂದೆ. ಮರುದಿನ ಆತನ ಮಗಳು ಬಂದಳು, ಜೊತೆಗೆ ತಾಯಿಯೂ ಬಂದರು. ಹೆಚ್ಚು ಪ್ರಶ್ನೆ ಕೇಳಿದವರು ತಾಯಂದಿರೇ ಎಂದು ಸಮಾಲೋಚಕಿ ಆಮೇಲೆ ಹೇಳಿದರು.

ಈ ಭಯ ಒಂದು ಸಮುದಾಯದ್ದಲ್ಲ. ಕೇಂದ್ರ ಸರಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಂದಾಗ ಹಲವು ರಾಜ್ಯಗಳು ವಿರೋಧಿಸಿದವು. 2007ರಲ್ಲಿ ಅದನ್ನು ಬೇಡವೆಂದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಇತ್ತು. ಸಂಸ್ಕೃತಿಗೆ ಒಗ್ಗದು ಎಂಬುದು ಆಗಿನ ವಾದ. ಸಾಮಗ್ರಿ ಸರಿಯಿಲ್ಲದಿದ್ದರೆ ತಿದ್ದಬಹುದಿತ್ತು, ಪಾಠವನ್ನೇ ಕೈಬಿಡುವ ಅಗತ್ಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹದಿನೈದು ವರ್ಷಗಳ ನಂತರ, 2022ರ ನವೆಂಬರಿನಲ್ಲಿ, ಬೆಳಗಾವಿಯೂ ಒಳಪಡುವ ಹೈಕೋರ್ಟಿನ ಧಾರವಾಡ ಪೀಠ ಪೋಕ್ಸೋ ಕಾಯ್ದೆಯ ಅರಿವನ್ನು ಒಂಬತ್ತನೆಯ ತರಗತಿಯಿಂದಲೇ ಕೊಡಬೇಕೆಂದು ಶಿಕ್ಷಣ ಇಲಾಖೆಗೆ ನಿರ್ದೇಶಿಸಿತು. 2012ರ ಈ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಹದಿನಾರರ ಹುಡುಗಿ, ಹತ್ತೊಂಬತ್ತರ ಹುಡುಗ ಊರು ಬಿಟ್ಟರೆ ಅವನಿಗೆ ಜೈಲು, ಅವಳಿಗೆ ಬಾಲಮಂದಿರ. ಇದು ತಿಳಿಯುವುದು ಪೊಲೀಸ್ ಠಾಣೆಯಲ್ಲಿ. ಮಗುವಿನ ಮೇಲೆ ದೌರ್ಜನ್ಯವಾದದ್ದು ಗೊತ್ತಿದ್ದೂ ಮಾನಕ್ಕೆ ಅಂಜಿ ಮುಚ್ಚಿಡುವುದು ಅಪರಾಧ ಎಂಬುದು ಎಷ್ಟು ತಂದೆತಾಯಿಯರಿಗೆ ತಿಳಿದಿದೆ? ಮಾನ ಹೋಗುವುದು ದೌರ್ಜನ್ಯ ಮಾಡಿದವನದು, ಹೇಳಿದ ಹುಡುಗಿಯದಲ್ಲ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಮಗ್ಗಿಯಂತೆ ಅವರ ಬಾಯಲ್ಲಿರಬೇಕು.

ಇನ್ನು ಹುಡುಗರು. ಅಂದು ಸಮಾಲೋಚಕಿ ಒಳಗೆ ಮಾತನಾಡುತ್ತಿದ್ದಾಗ ಅವರನ್ನೆಲ್ಲ ಕಬಡ್ಡಿ ಆಡಲು ಮೈದಾನಕ್ಕೆ ಕಳಿಸಲಾಗಿತ್ತು. ಬಟ್ಟೆಗೆ ಕಲೆಯಾದ ಹುಡುಗಿಯನ್ನು ನೋಡಿ ನಗುವವನು, ಮೊಬೈಲಿನಲ್ಲಿ ಏನೇನನ್ನೋ ನೋಡಿ ಅದನ್ನೇ ಸತ್ಯವೆಂದು ತಿಳಿಯುವವನು ಅವರಲ್ಲೇ ಇರುತ್ತಾನೆ. ಸೂರಃ ಅನ್ನೂರ್‌ನಲ್ಲಿ ದೃಷ್ಟಿಯನ್ನು ತಗ್ಗಿಸುವ ಆಜ್ಞೆ ಮೊದಲು ಬಂದದ್ದು ಪುರುಷರಿಗೆ, ಮೂವತ್ತನೆಯ ಸೂಕ್ತದಲ್ಲಿ. ಸ್ತ್ರೀಯರಿಗೆ ಅದರ ನಂತರ. ನಾವು ಮಾತ್ರ ಪರ್ದಾದ ಪಾಠವನ್ನು ಯಾವಾಗಲೂ ಹೆಣ್ಣುಮಕ್ಕಳಿಂದಲೇ ಆರಂಭಿಸುತ್ತೇವೆ.

ಈ ವರ್ಷ ಸಮಾಲೋಚಕಿ ಬರುವ ದಿನ ಹುಡುಗರಿಗೂ ಒಂದು ತರಗತಿ ಬೇಕೆಂದು ನಾನು ಮತ್ತು ವಿಜ್ಞಾನದ ಮಾಸ್ತರರು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇವೆ. ಅದನ್ನು ನಾವಿಬ್ಬರೇ ನಡೆಸುತ್ತೇವೆ. ಏನೇನು ಹೇಳುತ್ತೇವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪೋಷಕರಿಗೆ ಮುಂಚಿತವಾಗಿ ತೋರಿಸಬೇಕೆಂದಿದ್ದೇವೆ. ಹಾಳೆ ಸಿದ್ಧವಾಗಿದೆ, ಉರ್ದು ಮತ್ತು ಮರಾಠಿ ಅನುವಾದದ ಕೆಲಸ ಬಾಕಿಯಿದೆ.